ಮರಿಯ ಬಣ್ಣ ಬೇರೆಯಾಗಿದೆ, ಹೊಸ ಮಾರ್ಫ್ (ಬಣ್ಣದ ಬಗೆ) ಎನ್ನಬಹುದೇ?

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನ್ನ ಲೆಪರ್ಡ್ ಗೆಕ್ಕೊ (ಸಾಕುವ ಒಂದು ಬಗೆಯ ಹಲ್ಲಿ) ಜೋಡಿ ಎರಡೂ ಸಾಮಾನ್ಯ ಬಣ್ಣದವು. ಈ ಸಲ ಒಡೆದ ಎರಡು ಮೊಟ್ಟೆಗಳಲ್ಲಿ ಒಂದರ ಮರಿಗೆ ಕಪ್ಪು ಪಟ್ಟಿಗಳೇ ಇಲ್ಲ. ಅವುಗಳ ಜಾಗದಲ್ಲಿ ತೆಳು ಕಾಫಿ ಬಣ್ಣ, ನಡುವೆ ಗುಲಾಬಿ ಛಾಯೆ. ನಾನು ನೋಡಿದ ಯಾವ ಮಾರ್ಫ್‌ನ ಚಿತ್ರಕ್ಕೂ ಇದು ಸರಿಹೊಂದುತ್ತಿಲ್ಲ. ಹೊಸ ಹೆಸರಿಟ್ಟು ತಳಿ ಮುಂದುವರಿಸಬಹುದೇ?

ಉತ್ತರ: ನಮಸ್ಕಾರ. ಮರಿ ಚೆನ್ನಾಗಿ ತಿಂದು ಬೆಳೆಯಲಿ, ಹೆಸರಿಗೆ ಅವಸರವಿಲ್ಲ. ನೀವು ಹೇಳಿದ ಲಕ್ಷಣ ಓದಿದಾಗ ನನಗೆ ಮೊದಲು ಬರುವ ಅನುಮಾನ ಆಲ್ಬಿನೊ, ಅಂದರೆ ಕಪ್ಪು ಬಣ್ಣ ಮೂಡದ ಮರಿ. ತಂದೆ ತಾಯಿ ಸಾಮಾನ್ಯ ಬಣ್ಣದವು ಎಂಬುದು ಇದಕ್ಕೆ ಅಡ್ಡಿಯಲ್ಲ. ಆಲ್ಬಿನೊ ಅಪ್ರಬಲ ಗುಣ, ಬದಲಾದ ವಂಶವಾಹಿಯ ಎರಡು ಪ್ರತಿ ಇದ್ದರಷ್ಟೇ ಹೊರಗೆ ಕಾಣುತ್ತದೆ. ಎರಡೂ ಕಡೆಯವು ಹೆಟ್ ಆಗಿದ್ದರೆ, ಅಂದರೆ ಬದಲಾದ ವಂಶವಾಹಿಯ ಒಂದೊಂದು ಪ್ರತಿಯನ್ನು ಹೊರಗೆ ತೋರಿಸದೆ ಹೊತ್ತಿದ್ದರೆ, ಪ್ರತಿ ಮೊಟ್ಟೆಯಲ್ಲೂ ಆಲ್ಬಿನೊ ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಜೋಡಿಯನ್ನು ಕೊಟ್ಟವರಿಗೂ ಅದು ಗೊತ್ತಿರದೆ ಇರಬಹುದು.

ಲೆಪರ್ಡ್ ಗೆಕ್ಕೊಗಳಲ್ಲಿ ಆಲ್ಬಿನೊ ಒಂದೇ ಅಲ್ಲ. 1990ರ ದಶಕದಲ್ಲಿ ಟ್ರೆಂಪರ್, ರೇನ್‌ವಾಟರ್, ಬೆಲ್ ಎಂಬ ಮೂರು ಬಗೆಗಳು ಬೇರೆ ಬೇರೆಯಾಗಿ ಕಾಣಿಸಿಕೊಂಡವು. ಒಂದನ್ನು ಇನ್ನೊಂದರ ಜೊತೆ ಕೂಡಿಸಿದರೆ ಮರಿಗಳೆಲ್ಲ ಸಾಮಾನ್ಯ ಬಣ್ಣದಲ್ಲೇ ಹುಟ್ಟುತ್ತವೆ. ಕಣ್ಣಿನ ಬಣ್ಣ ನೋಡಿ ಯಾವ ಬಗೆಯೆಂದು ಹೇಳುವವರಿದ್ದಾರೆ. ನಾನು ಅದನ್ನು ನಂಬುವುದಿಲ್ಲ.

ಕಾವುಪೆಟ್ಟಿಗೆಯ ಉಷ್ಣತೆ ಎಷ್ಟಿತ್ತು ಎಂದು ನೀವು ಬರೆದಿಲ್ಲ. ಅದು ಬೇಕು. ಈ ಜೀವಿಯಲ್ಲಿ ಉಷ್ಣತೆ ಲಿಂಗವನ್ನು ನಿರ್ಧರಿಸುತ್ತದೆ (ಸುಮಾರು 26 ಡಿಗ್ರಿಯಲ್ಲಿ ಬಹುಪಾಲು ಹೆಣ್ಣು, 32.5ರ ಆಸುಪಾಸಿನಲ್ಲಿ ಬಹುಪಾಲು ಗಂಡು), ಬಣ್ಣದ ಮೇಲೂ ಪ್ರಭಾವ ಬೀರುತ್ತದೆ. ತಂಪಿನಲ್ಲಿ ಕಾವು ಪಡೆದ ಆಲ್ಬಿನೊ ಎಷ್ಟೋ ಸಲ ಗಾಢ ಕಂದು ಬಣ್ಣದಲ್ಲಿ ಹುಟ್ಟುತ್ತದೆ, ಚಿತ್ರಗಳಲ್ಲಿರುವ ತಿಳಿ ಮರಿಗಳಿಗೆ ಅದು ಹೋಲುವುದೇ ಇಲ್ಲ. ಜೊತೆಗೆ ಮರಿಯ ಪಟ್ಟಿಗಳು ಒಡೆದು ಚುಕ್ಕೆಗಳಾಗಲು ಸುಮಾರು ಒಂದು ವರ್ಷ ಬೇಕು. ಪ್ರತಿ ಸಲ ಪೊರೆ ಬಿಟ್ಟ ಬಳಿಕ ಒಂದೇ ಬೆಳಕಿನಲ್ಲಿ ಚಿತ್ರ ತೆಗೆದಿಡಿ.

ಪ್ರಶ್ನೆ: ಪೆಟ್ಟಿಗೆ 27 ಡಿಗ್ರಿಯಲ್ಲಿತ್ತು ಡಾಕ್ಟರ್. ಹಾಗಾದರೆ ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ಹಾಗಾದರೆ ಆಲ್ಬಿನೊ ಎಂಬ ಅನುಮಾನ ಇನ್ನಷ್ಟು ಬಲವಾಗುತ್ತದೆ. ಆ ಉಷ್ಣತೆಯಲ್ಲಿ ನಿಮ್ಮ ಮರಿ ಹೆಣ್ಣಾಗಿರುವುದೇ ಹೆಚ್ಚು ಸಂಭವ. ಅದು ಒಂದು ವರ್ಷ ದಾಟಿ, ಕನಿಷ್ಠ 50 ಗ್ರಾಂ ತೂಗಲಿ. ಆಮೇಲೆ ವಂಶಾವಳಿ ಸ್ಪಷ್ಟವಾಗಿರುವ ಟ್ರೆಂಪರ್ ಗಂಡಿನ ಜೊತೆ ಕೂಡಿಸಿ. ಮರಿಗಳೆಲ್ಲ ಆಲ್ಬಿನೊ ಆದರೆ ನಿಮ್ಮದೂ ಟ್ರೆಂಪರ್, ಪ್ರಶ್ನೆ ಅಲ್ಲಿಗೆ ಮುಗಿಯಿತು. ಎಲ್ಲವೂ ಸಾಮಾನ್ಯವಾದರೆ ಮುಂದಿನ ಋತುವಿನಲ್ಲಿ ಬೆಲ್, ಅದರ ಮುಂದಿನದರಲ್ಲಿ ರೇನ್‌ವಾಟರ್. ಹೆಣ್ಣು ಗೆಕ್ಕೊ ವೀರ್ಯವನ್ನು ದೇಹದೊಳಗೆ ಕಾಪಿಟ್ಟುಕೊಳ್ಳುತ್ತದೆ. ಆದ್ದರಿಂದ ಒಂದೇ ಋತುವಿನಲ್ಲಿ ಎರಡು ಗಂಡುಗಳ ಜೊತೆ ಬಿಟ್ಟರೆ ಮರಿಗಳ ತಂದೆ ಯಾವುದೆಂದು ತಿಳಿಯದೆ ಪರೀಕ್ಷೆಯೇ ವ್ಯರ್ಥವಾಗುತ್ತದೆ.

ಮೂರರಲ್ಲೂ ಹೊಂದಲಿಲ್ಲ ಎನ್ನೋಣ. ಆಗ ಮಾತ್ರ ಹೊಸದಿರಬಹುದು ಎಂಬ ಮಾತಿಗೆ ಜೀವ ಬರುತ್ತದೆ. ರಕ್ತಸಂಬಂಧವಿಲ್ಲದ ಸಾಮಾನ್ಯ ಗಂಡಿನಿಂದ ಮರಿ ಪಡೆಯಿರಿ. ಗುಣ ಅಪ್ರಬಲವಾಗಿದ್ದರೆ ಆ ಪೀಳಿಗೆಯಲ್ಲಿ ಅದು ಕಾಣಿಸುವುದಿಲ್ಲ. ಅದರಲ್ಲಿನ ಒಂದು ಗಂಡುಮರಿಯನ್ನು ಬೆಳೆಸಿ ಮತ್ತೆ ನಿಮ್ಮ ಹೆಣ್ಣಿಗೇ ಕೂಡಿಸಿದರೆ ಅರ್ಧದಷ್ಟು ಮರಿಗಳಲ್ಲಿ ಬಣ್ಣ ಮರಳಬೇಕು. ಆರು ಮರಿಗಳಾದರೂ ಒಂದರಲ್ಲೂ ಕಾಣದಿದ್ದರೆ, ಅದು ಬರೀ ದುರದೃಷ್ಟವಾಗಿರುವ ಸಾಧ್ಯತೆ 64ರಲ್ಲಿ ಒಂದು. ಬಹುಶಃ ಅದು ವಂಶಕ್ಕೆ ಇಳಿಯುವ ಬಣ್ಣವೇ ಅಲ್ಲ. ಮೊದಲ ಪೀಳಿಗೆಯಲ್ಲೇ ಸುಮಾರು ಅರ್ಧ ಮರಿಗಳಲ್ಲಿ ಕಂಡರೆ ಗುಣ ಪ್ರಬಲ, ಅದು ಕಾಣಲು ಒಂದೇ ಪ್ರತಿ ಸಾಕು. ಇಲ್ಲವೇ ಮ್ಯಾಕ್ ಸ್ನೋ ಎಂಬ ಮಾರ್ಫ್‌ನಂತೆ ಅಪೂರ್ಣ ಪ್ರಬಲ, ಅಂದರೆ ಒಂದು ಪ್ರತಿಗೆ ಒಂದು ರೂಪ, ಎರಡಕ್ಕೆ ಇನ್ನೊಂದು: ಎರಡು ಮ್ಯಾಕ್ ಸ್ನೋ ಕೂಡಿದಾಗ ಎರಡು ಪ್ರತಿ ಹೊತ್ತ, ಕಪ್ಪು ಕಣ್ಣಿನ ಸೂಪರ್ ಸ್ನೋ ಹುಟ್ಟುತ್ತದೆಯಲ್ಲ, ಹಾಗೆ.

ಇನ್ನೊಬ್ಬ ಸದಸ್ಯರು: ಡಾಕ್ಟರ್, ಬ್ಲ್ಯಾಕ್ ನೈಟ್‌ಗೂ ಇದೇ ಪರೀಕ್ಷೆ ನಡೆಯುತ್ತದೆಯೇ?

ಉತ್ತರ: ಇಲ್ಲ. ಬ್ಲ್ಯಾಕ್ ನೈಟ್, ಟ್ಯಾಂಜರಿನ್ ಇವು ಒಂದೇ ವಂಶವಾಹಿಯಿಂದ ಬಂದವಲ್ಲ. ಅತಿ ಕಪ್ಪಾದವನ್ನು ಅಥವಾ ಅತಿ ಕಿತ್ತಳೆಯಾದವನ್ನು ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಬಂದ ಫಲ. ಹೊರಗಿನ ಗೆಕ್ಕೊ ಜೊತೆ ಕೂಡಿಸಿದರೆ ಬಣ್ಣ ಮಧ್ಯದಲ್ಲೆಲ್ಲೋ ನಿಲ್ಲುತ್ತದೆ. ಅಲ್ಲಿ ಹೆಟ್ ಎಂಬ ಮಾತಿಗೆ ಅರ್ಥವಿಲ್ಲ.

ಮತ್ತೊಬ್ಬ ಸದಸ್ಯರು: ಒಂದು ಬಣ್ಣ ಹೊಸದೆಂದು ಸಾಬೀತಾದ ಮೇಲೂ ಇಷ್ಟು ಕಾಯಬೇಕೇ? ಬೇರೆಯವರು ನಮಗಿಂತ ಮುಂಚೆ ಮಾರುಕಟ್ಟೆಗೆ ತಂದುಬಿಟ್ಟರೆ?

ಉತ್ತರ: ಕಾಯಲೇಬೇಕು. ಲೆಮನ್ ಫ್ರಾಸ್ಟ್ ಎಂಬ ಮಾರ್ಫ್ ಬಂದಾಗ ಅದರ ಹೊಳಪಿಗೆ ಎಲ್ಲರೂ ಮರುಳಾಗಿದ್ದರು. ಮೈ ಹಳದಿ, ಅಡಿಯಲ್ಲಿ ಹಿಮದಂಥ ಬಿಳುಪು. ಆ ಬಿಳುಪಿಗೆ ಕಾರಣ ಇರಿಡೊಫೋರ್ ಎಂಬ, ಬೆಳಕನ್ನು ಪ್ರತಿಫಲಿಸುವ ವರ್ಣಕೋಶಗಳು. ಮಾರಾಟವಾಗಿ ಹಲವರ ಮನೆ ಸೇರಿದ ಮೇಲೆ ಚರ್ಮದಲ್ಲಿ ಬಿಳಿ ಗಂಟುಗಳು ಕಾಣತೊಡಗಿದವು. ಅವು ಅದೇ ವರ್ಣಕೋಶಗಳ ಗಡ್ಡೆಗಳು. ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗುಣವನ್ನು ಸ್ಪಿಂಟ್1 ಎಂಬ ವಂಶವಾಹಿ ಇರುವ ಭಾಗಕ್ಕೆ ಜೋಡಿಸಿತು. ಈ ಬಣ್ಣ ಹೊತ್ತ ಗೆಕ್ಕೊಗಳಲ್ಲಿ ಶೇ 80ಕ್ಕೂ ಹೆಚ್ಚಿನವಕ್ಕೆ ಗಡ್ಡೆಗಳಾಗುತ್ತವೆ. ಬಣ್ಣವನ್ನು ಕೊಡುವ ಬದಲಾವಣೆಯೇ ರೋಗವನ್ನೂ ಕೊಡುತ್ತಿರುವಾಗ ಹೊರಗಿನ ರಕ್ತ ಬೆರೆಸಿ ಬಣ್ಣ ಉಳಿಸಿಕೊಳ್ಳುತ್ತೇವೆ, ರೋಗ ತೆಗೆಯುತ್ತೇವೆ ಎಂದು ಹೊರಡುವುದರಲ್ಲಿ ಅರ್ಥವಿಲ್ಲ. ಆ ತಳಿಯನ್ನು ಮುಂದುವರಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಎನಿಗ್ಮಾ ಕೂಡ ಹಾಗೆಯೇ. ಪ್ರಬಲ ಗುಣವಾದ್ದರಿಂದ ಬೇಗ ಹರಡಿತು. ತಲೆ ವಾಲುವುದು, ಇದ್ದಲ್ಲೇ ಸುತ್ತುವುದು, ಬೇಟೆಗೆ ಗುರಿ ತಪ್ಪುವುದು ಅದರ ಜೊತೆಗೇ ಬಂದವು. ಕೆಲವಕ್ಕೆ ಸೆಳವು ಬರುತ್ತದೆ. ಮರಿಯಲ್ಲಿ ಏನೂ ಕಾಣದೆ, ದೊಡ್ಡದಾದ ಮೇಲೆ ಶುರುವಾದ ಉದಾಹರಣೆಗಳಿವೆ.

ಪ್ರಶ್ನೆ: ನನ್ನ ಮರಿಯಲ್ಲಿ ನಾನು ಏನನ್ನು ಗಮನಿಸಬೇಕು?

ಉತ್ತರ: ಹುಳುವನ್ನು ನೇರವಾಗಿ ಹಿಡಿಯುತ್ತದೆಯೇ ನೋಡಿ. ತಲೆ ಒಂದೇ ಕಡೆಗೆ ವಾಲುತ್ತಿದ್ದರೆ ವಿಡಿಯೊ ಮಾಡಿಕೊಳ್ಳಿ. ವಾರಕ್ಕೊಮ್ಮೆ ತೂಕ ಬರೆದಿಡಿ. ಪಾರದರ್ಶಕ ಡಬ್ಬಿಯಲ್ಲಿಟ್ಟು ಹೊಟ್ಟೆಯ ಚರ್ಮವನ್ನು ಕೆಳಗಿನಿಂದ ಪರೀಕ್ಷಿಸಿ, ಬಿಳಿ ಗಂಟು ಅಥವಾ ದಪ್ಪವಾದ ಭಾಗ ಕಂಡರೆ ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ತೋರಿಸಿ. ಆಲ್ಬಿನೊ ಆಗಿದ್ದರೆ ತೀಕ್ಷ್ಣ ಬೆಳಕು ಕಣ್ಣಿಗೆ ಹಿಂಸೆ, ಅಡಗಿಕೊಳ್ಳಲು ಕತ್ತಲೆಯ ಜಾಗ ಹೆಚ್ಚಿರಲಿ. ತಂದೆ ತಾಯಿ ಜೋಡಿಯನ್ನು ಬೇರೆ ಮಾಡಿ ಇಡಿ. ಅವುಗಳ ಸಾಮಾನ್ಯ ಬಣ್ಣದ ಉಳಿದ ಮರಿಗಳನ್ನು ಯಾರಿಗಾದರೂ ಕೊಡುವುದಾದರೆ, ಇವು ಯಾವುದೋ ಅಪ್ರಬಲ ಗುಣವನ್ನು ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡರಷ್ಟಿದೆ ಎಂದು ಬರೆದುಕೊಡಿ.