ಓವರ್‌ಹಾಲ್ ಅಂದ್ರೆ ರಿಪೇರಿನೋ, ಹಿಂದಿಕ್ಕೋದೋ?

ಪ್ರಶ್ನೆ (ಮಂಡ್ಯ): ಆಲೆಮನೆ ಡೀಸೆಲ್ ಎಂಜಿನ್‌ಗೆ ‘ಓವರ್‌ಹಾಲ್ ಮಾಡಿಸಿ’ ಅಂತಾರೆ. ಇಂಗ್ಲಿಷ್ ಪೇಪರ್‌ನ ಕ್ರಿಕೆಟ್ ಪುಟದಲ್ಲೂ ಅದೇ ಪದ. ಎರಡೂ ಒಂದೇನಾ?

ಉತ್ತರ 1: ಪದ ಒಂದೇ, ಅರ್ಥ ಎರಡು; ಮೂಲ ಹಾಯಿಹಡಗಿನ ಮಾತು. ಭಾರ ಎತ್ತೋಕೆ ಜೋಡಿ ರಾಟೆಗಳಿಗೆ ಹಾಯಿಸಿದ ಹಗ್ಗ ಎಳೆದಂತೆಲ್ಲ ಆ ರಾಟೆಗಳು ಹತ್ತಿರ ಬಂದು ಕೊನೆಗೆ ತಾಗಿಕೊಳ್ಳುತ್ತವೆ. ಆಮೇಲೆ ಎಷ್ಟು ಜಗ್ಗಿದರೂ ಭಾರ ಏಳಲ್ಲ. ಹಗ್ಗವನ್ನು ಹಿಂದಕ್ಕೆ ಸಡಿಲಿಸಿ ರಾಟೆಗಳನ್ನು ಮತ್ತೆ ದೂರ ಮಾಡೋದೇ ಓವರ್‌ಹಾಲ್. ಬಿಚ್ಚಿ ಪರೀಕ್ಷಿಸಿ ಸರಿಮಾಡೋದಕ್ಕೂ ಆಮೇಲೆ ಅದೇ ಪದವಾಯ್ತು. ಮುಂದಿನ ಹಡಗನ್ನು ಬೆನ್ನಟ್ಟಿ ಹಿಂದಿಕ್ಕೋದಕ್ಕೂ ನಾವಿಕರು ಹಾಗೇ ಅಂತಿದ್ದರು. ಕ್ರಿಕೆಟ್‌ನಲ್ಲಿ ಎದುರಾಳಿಯ ಸ್ಕೋರ್ ದಾಟೋದು ಈ ಅರ್ಥ.

ಉತ್ತರ 2: ಎಂಜಿನ್ ವಿಷಯ ಹೇಳ್ತೀನಿ ಸರ್. ಆಯಿಲ್, ಫಿಲ್ಟರ್ ಬದಲಿಸಿದ್ರೆ ಅದು ಬರೀ ಸರ್ವೀಸ್. ಹೆಡ್ (ಎಂಜಿನ್ ಮೇಲಿನ ಮುಚ್ಚಳ) ಇಳಿಸಿ, ಪಿಸ್ಟನ್ ಹೊರತೆಗೆದು, ಲೈನರ್ (ಪಿಸ್ಟನ್ ಓಡಾಡೋ ಕೊಳವೆ) ಸವೆತ ಅಳೆದು, ಪಿಸ್ಟನ್ ರಿಂಗ್, ಬೇರಿಂಗ್ ಹಾಕಿ, ವಾಲ್ವ್ ಗ್ರೈಂಡ್ ಮಾಡಿದ್ರೇ ಓವರ್‌ಹಾಲ್. ಸವೆದ ಲೈನರ್‌ಗೆ ಹೊಸ ರಿಂಗ್ ಮಾತ್ರ ಹಾಕಿದ್ರೆ ಆಯಿಲ್ ಸುಟ್ಟು ಬರೋ ನೀಲಿ ಹೊಗೆ ನಿಲ್ಲಲ್ಲ. ಬಿಲ್ಲಲ್ಲಿ ಒಂದೊಂದು ಕೆಲಸವನ್ನೂ ಬಿಡಿಸಿ ಬರೆಸಿಕೊಳ್ಳಿ.