ಕೋಟಿನ ಜಗಳ
(ಮನೆ ವಾಟ್ಸಾಪ್ ಗುಂಪಿನಿಂದ)

ಶ್ರುತಿ: ಎಲ್ಲರೂ ಇದನ್ನ ನೋಡಲೇಬೇಕು. ‘ಸ್ಟಾಪ್ ಮೇಕಿಂಗ್ ಸೆನ್ಸ್’, 1984ರ ಸಿನಿಮಾ, ಪೂರ್ತಿ ಒಂದು ಸಂಗೀತ ಕಛೇರಿನೇ. ಟಾಕಿಂಗ್ ಹೆಡ್ಸ್ ಅನ್ನೋ ರಾಕ್ ತಂಡದ ಡೇವಿಡ್ ಬರ್ನ್ ಹಾಡೋದು, ಜೊನಾಥನ್ ಡೆಮಿ ಡೈರೆಕ್ಷನ್. ಟ್ರೇಲರ್ ಹಾಕಿದೀನಿ.

ರವಿ ಮಾವ: ನೋಡ್ದೆ ಕಣಮ್ಮ. ಎಷ್ಟು ದೊಡ್ಡ ಕೋಟು, ಹ್ಯಾಂಗರ್ ಸಮೇತ ಹಾಕ್ಕೊಂಡ ಹಾಗಿದಾನೆ. ಹಾಡು ಚೆನ್ನಾಗಿದ್ರೆ ಈ ವೇಷ ಎಲ್ಲ ಯಾಕೆ ಬೇಕು?

ಶ್ರುತಿ: ಟ್ರೇಲರ್ ಬಿಡಿ ಮಾವ, ಸಿನಿಮಾ ಶುರುವಾಗೋದು ನೋಡಿ. ಖಾಲಿ ಸ್ಟೇಜು. ಮೊದಲು ಕಾಣೋದು ಅವನ ಬಿಳಿ ಶೂ ಮಾತ್ರ. ಒಬ್ಬನೇ ಬಂದು, ಟೇಪ್ ರೆಕಾರ್ಡರ್ ನೆಲದ ಮೇಲಿಟ್ಟು, ಗಿಟಾರ್ ಹಿಡಿದು ಹಾಡ್ತಾನೆ. ಆಮೇಲೆ ತಂಡದ ಉಳಿದ ಮೂವರು: ಎರಡನೇ ಹಾಡಿಗೆ ಟೀನಾ ವೇಮೌತ್ ಬೇಸ್ ಗಿಟಾರ್ ಹಿಡ್ಕೊಂಡು ಬರ್ತಾಳೆ, ಮೂರನೇದಕ್ಕೆ ಡ್ರಮ್ಸ್ ಬಾರಿಸೋ ಕ್ರಿಸ್ ಫ್ರಾಂಟ್ಜ್, ನಾಲ್ಕನೇದಕ್ಕೆ ಜೆರ್ರಿ ಹ್ಯಾರಿಸನ್. ಸ್ಟೇಜ್ ಕೆಲಸದವರು ಡ್ರಮ್ಸ್ ತಳ್ಕೊಂಡು ಬರೋದೂ ನಮ್ಮ ಕಣ್ಣೆದುರೇ.

ರವಿ ಮಾವ: ಆ ಟೇಪ್ ರೆಕಾರ್ಡರ್ ಸುಳ್ಳು. ಅಷ್ಟು ಚಿಕ್ಕ ಡಬ್ಬದಿಂದ ಅಂಥ ತಾಳ ಬರೋಕೆ ಸಾಧ್ಯಾನೇ ಇಲ್ಲ.

ಕಾರ್ತಿಕ್: ಅದು ನಿಜ ಅಪ್ಪ. ತಾಳ ರೋಲ್ಯಾಂಡ್ 808 ಡ್ರಮ್ ಮೆಷಿನ್‌ದು, ಸೌಂಡ್ ಮಿಕ್ಸರ್‌ನಿಂದ ಬಂದಿದ್ದು.

ಶ್ರುತಿ: ಬರಲಿ. ಹಾಡು ಮುಗೀತಾ ಬಂದಾಗ ಆ ತಾಳ ಪಟಪಟ ಸಿಡಿಯುತ್ತೆ, ಅವನು ಏಟು ಬಿದ್ದವನ ಹಾಗೆ ತತ್ತರಿಸ್ತಾನೆ. ಅಲ್ಲಿಗೆ ಅವನು ಬರೀ ಹಾಡುಗಾರ ಅಲ್ಲ, ನಟ. ಕೋಟು ಜಪಾನಿನ ‘ನೋ’ ಅನ್ನೋ ಹಳೇ ನಾಟಕದ ವೇಷ ನೋಡಿ ಹುಟ್ಟಿದ್ದು. ಯಕ್ಷಗಾನದ ಬಣ್ಣದ ವೇಷ ಬಂದ್ರೆ ನೀವೇ ರೆಪ್ಪೆ ಮಿಟುಕಿಸದೆ ಕೂತಿರ್ತೀರಲ್ಲ?

ರವಿ ಮಾವ: ಬಣ್ಣದ ವೇಷಕ್ಕೆ ಪಾತ್ರ ಇದೆ. ರಾಕ್ಷಸ ಅಂತ ಕಂಡ ಕೂಡಲೇ ಗೊತ್ತಾಗುತ್ತೆ. ಇವನು ಯಾರು?

ಶ್ರುತಿ: ‘ಒನ್ಸ್ ಇನ್ ಎ ಲೈಫ್‌ಟೈಮ್’ ನೋಡಿ. ಮನೆ, ಕಾರು, ಹೆಂಡತಿ ಎಲ್ಲ ಇದ್ದೂ ನಾನಿಲ್ಲಿಗೆ ಹೇಗೆ ಬಂದೆ ಅಂತ ಕೇಳ್ಕೋತಾ ಹಣೆ ಬಡ್ಕೋತಾನೆ. ಕೋಟು ಬರೋದು ಅದಾದ ಮೇಲೆ. ಹೊರಗಿನದೆಲ್ಲ ದೊಡ್ಡದಾಗಿ ಒಳಗಿನ ಮನುಷ್ಯ ಕಾಣದೇ ಹೋದ, ಅದೇ ಪಾತ್ರ. ನನಗೆ ಕಂಡಿದ್ದು ಹಾಗೆ.

ಗೀತತ್ತೆ: ಜನ ಎಲ್ಲಿ ಶ್ರುತಿ? ಚಪ್ಪಾಳೆ ಕೇಳುತ್ತೆ, ಮುಖ ಕಾಣಲ್ಲ.

ಶ್ರುತಿ: ಕೊನೆ ತನಕ ಬೇಕಂತಲೇ ಹೆಚ್ಚು ತೋರಿಸಿಲ್ಲ ಅತ್ತೆ. ಯಾರೋ ಕುಣಿದ್ರು ಅಂತ ನಾವು ಖುಷಿಪಡಬೇಕಾಗಿಲ್ಲ. 1983ರ ಡಿಸೆಂಬರ್‌ನಲ್ಲಿ ಹಾಲಿವುಡ್‌ನ ಪ್ಯಾಂಟೇಜಸ್ ಥಿಯೇಟರ್‌ನಲ್ಲಿ ಒಂದಕ್ಕಿಂತ ಹೆಚ್ಚು ರಾತ್ರಿ ಶೂಟ್ ಮಾಡಿದಾರೆ. ಆದ್ರೂ ಒಂದೇ ಸಂಜೆ ಅನ್ನಿಸುತ್ತೆ.

ಕಾರ್ತಿಕ್: ನನ್ನ ತಕರಾರು ಬೇರೆ. ಮಾತೆತ್ತಿದ್ರೆ ಬರ್ನ್ ಅಂತೀಯ. ‘ಜೀನಿಯಸ್ ಆಫ್ ಲವ್’ ಹಾಡುವಾಗ ಅವನು ಸ್ಟೇಜ್ ಮೇಲೇ ಇಲ್ಲ. ಅದು ಟೀನಾ, ಕ್ರಿಸ್ ಕಟ್ಟಿದ ಇನ್ನೊಂದು ತಂಡ ಟಾಮ್ ಟಾಮ್ ಕ್ಲಬ್‌ದು. ಅವನು ಕೋಟು ಹಾಕ್ಕೊಂಡು ಬರೋವರೆಗೆ ಸಭೆ ಹಿಡಿದಿಟ್ಟಿದ್ದು ಅವರು. ಬರ್ನೀ ವೊರೆಲ್ ಕೀಬೋರ್ಡ್, ಲಿನ್ ಮಾಬ್ರಿ, ಎಡ್ನಾ ಹೋಲ್ಟ್ ದನಿ ಇಲ್ಲದೆ ಕೇಳು ನೋಡೋಣ.

ಶ್ರುತಿ: ಅವರನ್ನ ಬಿಡು ಅಂದೋರ್ಯಾರು ಕಾರ್ತಿ? ಒಬ್ಬೊಬ್ಬರನ್ನೇ ಸೇರಿಸ್ತಾ ಹೋಗೋದು ಯಾರ ಯೋಚನೆ? ರಂಗದ ಕಲ್ಪನೆ ಡೇವಿಡ್ ಬರ್ನ್ ಅಂತ ಟೈಟಲ್‌ನಲ್ಲೇ ಇದೆ.

ಕಾರ್ತಿಕ್: ಜಗಳ ಅಲ್ಲೇ ಇರೋದು. ಎಲ್ಲರ ಕೆಲಸದ ಹೆಸರೂ ಒಬ್ಬನಿಗೇ ಹೋಯ್ತು ಅಂತ ಕ್ರಿಸ್ 2020ರ ಆತ್ಮಕಥೆಯಲ್ಲಿ ನೊಂದ್ಕೊಂಡಿದಾನೆ. 1991ರಲ್ಲಿ ತಂಡ ಒಡೀತು. 2023ರಲ್ಲಿ ಹೊಸ ಪ್ರಿಂಟ್ ಬಂದಾಗ ಟೊರೊಂಟೊದಲ್ಲಿ ನಾಲ್ಕೂ ಜನ ಒಟ್ಟಿಗೆ ಕೂತಿದ್ದೇ ಅದಕ್ಕೆ ದೊಡ್ಡ ಸುದ್ದಿ ಆಗಿದ್ದು.

ರವಿ ಮಾವ: ಸ್ಟೇಜ್ ಮೇಲೆ ಅವರ ಹೆಸರು ಹೇಳ್ತಾನಾ ಇಲ್ವಾ?

ಶ್ರುತಿ: ಹೇಳ್ತಾನೆ ಮಾವ. ‘ಟೇಕ್ ಮಿ ಟು ದ ರಿವರ್’ ನಡುವೆ ಒಬ್ಬೊಬ್ಬರನ್ನೇ ಪರಿಚಯ ಮಾಡಿಸ್ತಾನೆ.

ರವಿ ಮಾವ: ಸರಿ, ಪೂರ್ತಿ ನೋಡ್ತೀನಿ. ಕೋಟು ಮಾತ್ರ ಒಪ್ಪಲ್ಲ.