ಕೆರೆ ನೀರನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟರೂ ಏನೂ ಕಾಣುತ್ತಿಲ್ಲ, ಯಾಕೆ?

ಪ್ರಶ್ನೆ (ವಿಜ್ಞಾನ ಮೇಷ್ಟ್ರು, ಚನ್ನಗಿರಿ ಕಡೆ):
ನಮಸ್ಕಾರ ಮೇಡಂ. ಹೈಸ್ಕೂಲ್ ಮಕ್ಕಳಿಗೆ ತೋರಿಸೋಣ ಅಂತ ಸೂಳೆಕೆರೆಯಿಂದ ಒಂದು ಬಾಟಲಿ ನೀರು ತಂದೆ. 40ರ ಲೆನ್ಸ್ ಹಾಕಿ ನೋಡಿದರೆ ಕಪ್ಪು ಅಂಚಿನ ಗುಂಡು ಗುಂಡು ಬಿಟ್ಟು ಬೇರೇನೂ ಇಲ್ಲ. 1000 ಪಟ್ಟು ದೊಡ್ಡದಾಗಿ ತೋರಿಸುವ ಮೈಕ್ರೋಸ್ಕೋಪೇ ಬೇಕಾ? ಇನ್ನೊಂದು ವಿಷಯ. ಕೆರೆ ನೀರಿನ ಸೂಕ್ಷ್ಮಜೀವಿ ಪ್ಯಾರಮೀಸಿಯಂ ಓಡಾಡುತ್ತೆ, ತಿನ್ನುತ್ತೆ, ಮತ್ತೆ ಯಾಕೆ ಪ್ರಾಣಿ ಅಲ್ಲ ಅಂತ ಒಬ್ಬ ಹುಡುಗಿ ಕೇಳಿದಳು. ಏನು ಹೇಳಲಿ?

ಉತ್ತರ (ಪ್ರಾಣಿಶಾಸ್ತ್ರ ಉಪನ್ಯಾಸಕಿ, ಚಿತ್ರದುರ್ಗ):
ಬೇಡ ಸರ್, ನಿಮ್ಮಲ್ಲಿ ಇರುವುದೇ ಸಾಕು. 1674ರಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಕೆರೆ ನೀರಿನ ಜೀವಿಗಳನ್ನು ನೋಡಿದ್ದು ಒಂದೇ ಲೆನ್ಸಿನಲ್ಲಿ. ಅದನ್ನೂ ತಾನೇ ಉಜ್ಜಿ ಮಾಡಿಕೊಂಡಿದ್ದ.

ನೀವು ಕಂಡ ಗುಂಡುಗಳು ಗಾಳಿ ಗುಳ್ಳೆ. ಹನಿಯ ಮೇಲೆ ಮುಚ್ಚುವ ತೆಳು ಗಾಜಿನ (ಕವರ್ ಸ್ಲಿಪ್) ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ, ಓರೆಯಾಗಿ ನಿಧಾನಕ್ಕೆ ಇಳಿಸಿ. ಗುಳ್ಳೆ ಕಡಿಮೆ ಆಗುತ್ತೆ.

40ರ ಲೆನ್ಸಿನಿಂದ ಶುರು ಮಾಡಲೇಬೇಡಿ. ಕಣ್ಣಿಡುವ ಕಡೆಯ ಲೆನ್ಸ್ (ಐಪೀಸ್) 10 ಇದ್ದರೆ ಅಲ್ಲಿಗೆ 400 ಪಟ್ಟು. ಆಗ ಕಣ್ಣಿಗೆ ಬೀಳುವ ಜಾಗ ಅರ್ಧ ಮಿಲಿಮೀಟರಿಗಿಂತಲೂ ಕಮ್ಮಿ. ಓಡುವ ಜೀವಿ ಅಷ್ಟರಲ್ಲಿ ಸಿಗಬೇಕಲ್ಲ! 4ರ ಲೆನ್ಸಿನಲ್ಲಿ ಸುಮಾರು ನಾಲ್ಕೂವರೆ ಮಿಲಿಮೀಟರ್ ಜಾಗ ಕಾಣುತ್ತೆ. ಅಲ್ಲಿ ಹುಡುಕಿ, ಸಿಕ್ಕ ಮೇಲೆ 10ಕ್ಕೆ ಹೋಗಿ. ಸ್ಲೈಡ್ ಇಡುವ ಸ್ಟೇಜಿನ ಕೆಳಗೆ ಬೆಳಕು ಹೆಚ್ಚು ಕಡಿಮೆ ಮಾಡುವ ಡಯಾಫ್ರಮ್ ಇರುತ್ತೆ, ಅದನ್ನು ಸ್ವಲ್ಪ ಮುಚ್ಚಿ. ಬೆಳಕು ಜಾಸ್ತಿ ಆದರೆ ಪಾರದರ್ಶಕ ಜೀವಿಗಳು ಕಾಣುವುದೇ ಇಲ್ಲ. ಕನ್ನಡಿ ಇರುವ ಮೈಕ್ರೋಸ್ಕೋಪ್ ಆದರೆ ಅದನ್ನು ಬಯಲು ಆಕಾಶಕ್ಕೆ ತಿರುಗಿಸಿ, ಸೂರ್ಯನ ಕಡೆಗೆ ಯಾವತ್ತೂ ಬೇಡ. ಮಕ್ಕಳ ಕಣ್ಣಿಗೆ ಅಪಾಯ.

ನೀರು ತರುವಾಗಲೂ ಅಷ್ಟೇ. ಬಯಲು ನೀರಿನಲ್ಲಿ ಜೀವಿಗಳು ಚದುರಿರುತ್ತವೆ. ದಡದ ಜೊಂಡು, ಪಾಚಿ, ಕೊಳೆತ ಎಲೆ ತಂದು ಅದೇ ನೀರಿನಲ್ಲಿ ಹಿಂಡಿ, ಆ ಹಿಂಡಿದ ನೀರನ್ನು ನೋಡಿ. ತುಂಬಾ ಜೋರಾಗಿ ಓಡಿದರೆ ಹತ್ತಿಯ ನಾಲ್ಕು ಎಳೆ ಹಾಕಿ. ಎಳೆಗಳ ನಡುವೆ ಸಿಕ್ಕಿಕೊಳ್ಳುತ್ತವೆ.

ಇನ್ನು ಆ ಹುಡುಗಿಯ ಪ್ರಶ್ನೆ. ಬಹಳ ಒಳ್ಳೆಯ ಪ್ರಶ್ನೆ, ಅವಳಿಗೆ ಬಾಯಲ್ಲಿ ಹೇಳುವುದಕ್ಕಿಂತ ತೋರಿಸಿ. ಹಿಂಡಿದ ನೀರಿನಲ್ಲಿ ರೋಟಿಫರ್ ಅನ್ನುವ ಪುಟಾಣಿ ಪ್ರಾಣಿಯನ್ನು ಹುಡುಕಿ. ತಲೆಯ ಹತ್ತಿರ ಎರಡು ಚಕ್ರ ತಿರುಗಿದಂತೆ ಕಾಣುತ್ತೆ. ನಿಜವಾಗಿ ಅವು ತಿರುಗುವುದಿಲ್ಲ, ಸಣ್ಣ ರೋಮಗಳು ಸಾಲಾಗಿ ಬಡಿಯುತ್ತಿರುತ್ತವೆ. ಎಷ್ಟೋ ರೋಟಿಫರ್‌ಗಳು ಪ್ಯಾರಮೀಸಿಯಂನಷ್ಟೇ ಇರುತ್ತವೆ, ಕಾಲು ಮಿಲಿಮೀಟರಿನ ಆಸುಪಾಸು. ಆದರೆ ಪ್ಯಾರಮೀಸಿಯಂ ಇಡೀ ಮೈಯೇ ಒಂದು ಜೀವಕೋಶ. ರೋಟಿಫರ್ ಮೈಯಲ್ಲಿ ಸುಮಾರು 1000 ಕೋಶ. ಅದಕ್ಕೆ ದವಡೆ ಇದೆ, ಹೊಟ್ಟೆ ಇದೆ, ಪುಟ್ಟ ಮಿದುಳೂ ಇದೆ. ದವಡೆ ಅಗಿಯುವುದು ಮೈಯ ಹೊರಗಿನಿಂದಲೇ ಕಾಣುತ್ತೆ! ಪ್ರಾಣಿ ಅನ್ನಬೇಕಾದರೆ ಹಲವು ಕೋಶ ಸೇರಿ ಕೆಲಸ ಹಂಚಿಕೊಂಡಿರಬೇಕು. ಗಾತ್ರಕ್ಕೂ ಇದಕ್ಕೂ ಸಂಬಂಧ ಇಲ್ಲ.

ನನಗೆ ಮಕ್ಕಳಿಗೆ ಹೇಳಬೇಕು ಅನ್ನಿಸುವುದು ಇದು. ದನ, ನಾಯಿ, ಕಾಗೆ, ಹಾವು, ಕಪ್ಪೆ, ಮೀನು, ನಾವು, ಎಲ್ಲರೂ ಒಂದೇ ವಂಶ, ಅಂದರೆ ಪ್ರಾಣಿಗಳ ಒಂದೇ ದೊಡ್ಡ ವಿಭಾಗ (ಫೈಲಮ್). ಪ್ರಾಣಿಗಳಲ್ಲಿ ಇಂಥ ವಂಶಗಳು 30ಕ್ಕೂ ಹೆಚ್ಚು. ಜೊಂಡು ಹಿಂಡಿದ ಒಂದು ಲೋಟ ನೀರಿನಲ್ಲಿ ರೋಟಿಫರ್, ಹೈಡ್ರಾ, ದುಂಡು ಹುಳು, ಡಾಫ್ನಿಯಾ (ನೀರಿನ ಚಿಗಟ) ಸಿಕ್ಕರೆ ನಾಲ್ಕು ಬೇರೆ ಬೇರೆ ವಂಶ ಕಂಡ ಹಾಗಾಯಿತು. ವೈವಿಧ್ಯ ಅಂದಕೂಡಲೇ ಹುಲಿ, ಆನೆಯ ಚಿತ್ರ ಅಂಟಿಸುತ್ತೇವೆ. ಆ ಚಾರ್ಟು ಸಾಲದು ಸರ್.

ಪ್ರಶ್ನೆ (ಗೃಹಿಣಿ, ದಾವಣಗೆರೆ):
ಮೇಡಂ, ನಮ್ಮ ಡ್ರಮ್ಮಿನ ನೀರಲ್ಲಿ ಬಿಳಿ ಚುಕ್ಕೆಗಳು ಜಿಗಿದಾಡುತ್ತಿವೆ. ಕುಡಿದರೆ ತೊಂದರೆನಾ?

ಉತ್ತರ:
ಜಿಗಿಯುತ್ತಾ ಹೋದರೆ ಅದು ಬಹುಶಃ ಸೈಕ್ಲಾಪ್ಸ್ ಅಕ್ಕ. ಸೀಗಡಿಯ ದೂರದ ನೆಂಟ, ಒಂದೇ ಕಣ್ಣು. ಹೆಣ್ಣಾದರೆ ಬಾಲದ ಎರಡೂ ಬದಿಗೆ ಮೊಟ್ಟೆ ಚೀಲ ಇರುತ್ತೆ. ಹಿಂದೆ ನಾರುಹುಣ್ಣು ಅಂತ ಕಾಯಿಲೆ ಇತ್ತಲ್ವಾ, ಹಿರಿಯರಿಗೆ ಗೊತ್ತಿರುತ್ತೆ. ಆ ಕಾಯಿಲೆ ತರುವ ಹುಳುವಿನ ಮರಿ ಸೇರಿದ್ದ ಸೈಕ್ಲಾಪ್ಸನ್ನು ನೀರಿನ ಜೊತೆ ಕುಡಿದವರಿಗೆ ಬರುತ್ತಿತ್ತು. ಸುಮಾರು ಒಂದು ವರ್ಷದ ಮೇಲೆ ಕಾಲಿನಿಂದ ಉದ್ದನೆಯ ಹುಳು ಹೊರಗೆ ಬರುತ್ತಿತ್ತು. ಆ ಕಾಲನ್ನು ಮೆಟ್ಟಿಲು ಬಾವಿಗೆ ಇಳಿಸಿದರೆ ಮತ್ತೆ ಮರಿಗಳು ನೀರಿಗೆ. ಕರ್ನಾಟಕದಲ್ಲೂ ಈ ಕಾಯಿಲೆ ಇತ್ತು. ಬಟ್ಟೆಯಲ್ಲಿ ಸೋಸಿ ಕುಡಿಯುವುದು, ಬಾವಿಗಳನ್ನು ಸರಿಪಡಿಸುವುದು, ಇಂಥ ಸರಳ ಕೆಲಸದಿಂದಲೇ ಅದು ಹೋಯಿತು. 2000ನೇ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಇದರಿಂದ ಮುಕ್ತ ಅಂತ ಘೋಷಿಸಿತು.

ಹಾಗಾಗಿ ಆ ಭಯ ಬೇಡ. ಆದರೂ ಆ ನೀರನ್ನು ಸುಮ್ನೆ ಕುಡಿಯಬೇಡಿ, ಸೋಸಿ ಕುದಿಸಿ. ಡ್ರಮ್ಮನ್ನು ವಾರಕ್ಕೊಮ್ಮೆ ಒಳಗೆಲ್ಲಾ ಉಜ್ಜಿ ತೊಳೆದು ಒಣಗಿಸಿ. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿರುತ್ತೆ, ಬರೀ ನೀರು ಚೆಲ್ಲಿದರೆ ಹೋಗಲ್ಲ.

ಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿ, ಚಿತ್ರದುರ್ಗ):
ಮೇಡಂ, ಬೇಸಿಗೆಯಲ್ಲಿ ನಮ್ಮ ಕಡೆ ಹೊಂಡ ಎಲ್ಲಾ ಬತ್ತಿರುತ್ತೆ. ಆಗ ಏನು ನೋಡೋದು?

ಉತ್ತರ:
ಒಣಗಿದ್ದನ್ನೇ ನೋಡಪ್ಪಾ. ಮಳೆಗಾಲದಲ್ಲಿ ಗೋಡೆ, ಹೆಂಚಿನ ಮೇಲೆ ಮೆತ್ತಗೆ ಹಸಿರು ಹಾವಸೆ ಬೆಳೆದು ಬೇಸಿಗೆಯಲ್ಲಿ ಕಂದಾಗಿರುತ್ತಲ್ಲ, ಅದನ್ನು ಒಂದು ಚಿಟಿಕೆ ತಗೋ. ಅದರಲ್ಲಿ ಒಂದು ಬಗೆಯ ರೋಟಿಫರ್‌ಗಳು ಮುದುಡಿ ಒಣಗಿ ಬದುಕಿರುತ್ತವೆ. ಅದೃಷ್ಟ ಇದ್ದರೆ ಎಂಟು ಕಾಲಿನ ಪುಟಾಣಿ ಪ್ರಾಣಿ ಟಾರ್ಡಿಗ್ರೇಡ್ ಕೂಡ ಸಿಗುತ್ತೆ. ಸೈಬೀರಿಯಾದ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಸುಮಾರು 24,000 ವರ್ಷ ಇದ್ದ ರೋಟಿಫರ್ ಮತ್ತೆ ಜೀವ ತಳೆದದ್ದನ್ನು 2021ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕೋಟೆ ಗೋಡೆ ಮಾತ್ರ ಕೆರೆಯಬೇಡ, ಅದು ಸಂರಕ್ಷಿತ ಸ್ಮಾರಕ. ಮನೆಯ ಕಾಂಪೌಂಡಿನದೇ ಸಾಕು. ತಟ್ಟೆಯಲ್ಲಿ ಮಳೆ ನೀರೋ ಬಾವಿ ನೀರೋ ಹಾಕಿ ರಾತ್ರಿಯಿಡೀ ನೆನೆಸು. ಕ್ಲೋರಿನ್ ಇರುವ ನಲ್ಲಿ ನೀರು ಬೇಡ. ಬೆಳಿಗ್ಗೆ ಹಿಂಡಿ ತಳದ ಗಸಿಯನ್ನು 4ರ ಲೆನ್ಸಿನಲ್ಲಿ ನೋಡು. ಮೊದಲನೇ ಸ್ಲೈಡಿನಲ್ಲಿ ಸಿಗದಿದ್ದರೆ ಇನ್ನೊಂದು ಹಾಕು, ಇಲ್ಲವೇ ಬೇರೆ ಗೋಡೆಯ ಹಾವಸೆ ತಗೋ.